ಇಂಗ್ಲಿಷ್ ಪದಾಘಾತ ಮತ್ತು ಲಘು-ಗುರು ವಿಚಾರ: ಸ್ವರಬೋಧನೆಯ ಕ್ರಮವನ್ನು ಕುರಿತು

‘ಫೋಟೋಗ್ರಾಫ್’, ‘ಫೋಟೋಗ್ರಫಿ’, ‘ಫೋಟೋಗ್ರಾಫಿಕ್’ ಎಂಬ ಮೂರು ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಾಗ ಅವುಗಳ ಮೊದಲ ಎರಡು ಅಕ್ಷರಗಳು ಒಂದೇ ಆಗಿ ಕಾಣುತ್ತವೆ. ಇಂಗ್ಲಿಷ್ ಮಾತಿನಲ್ಲಿ ಅವು ಒಂದೇ ಅಲ್ಲ. ಮೊದಲ ಪದದಲ್ಲಿ ಆಘಾತವು, ಎಂದರೆ ಉಚ್ಚಾರಣೆಯ ಒತ್ತು, ಮೊದಲ ಉಚ್ಚಾರಾಂಶದ ಮೇಲಿದೆ. ಅಲ್ಲಿಯ ಸ್ವರ ಪೂರ್ಣ ದ್ವಿಸ್ವರ, ಅದರ ಮುಂದಿನದು ದುರ್ಬಲಗೊಂಡ ಶ್ವಾ. ಎರಡನೆಯ ಪದದಲ್ಲಿ ಆಘಾತವು ಒಂದು ಉಚ್ಚಾರಾಂಶದಷ್ಟು ಬಲಕ್ಕೆ ಸರಿಯುತ್ತದೆ. ಮೊದಲಿನ ದ್ವಿಸ್ವರ ಶ್ವಾ ಆಗುತ್ತದೆ, ಶ್ವಾ ಇದ್ದಲ್ಲಿ ಪೂರ್ಣಸ್ವರ ಬರುತ್ತದೆ. ಮೂರನೆಯ ಪದದಲ್ಲಿ ಪ್ರಧಾನ ಆಘಾತ ಮೂರನೆಯ ಉಚ್ಚಾರಾಂಶಕ್ಕೆ ಹೋಗಿ, ಗೌಣ ಆಘಾತದ ಬಲದಿಂದ ಮೊದಲಿನ ದ್ವಿಸ್ವರ ಮರಳಿ ಕಾಣಿಸಿಕೊಳ್ಳುತ್ತದೆ. ಆಕೃತಿಮಾ ಒಂದೇ, ಇಂಗ್ಲಿಷಿನ ಕಾಗುಣಿತವೂ ಒಂದೇ. ಸ್ವರಗಳು ಮಾತ್ರ ಆಘಾತವನ್ನು ಹಿಂಬಾಲಿಸುತ್ತವೆ.

ನಮ್ಮ ತರಗತಿಗಳಲ್ಲಿ ಬಳಕೆಯಲ್ಲಿರುವ ಇಂಗ್ಲಿಷ್ ಧ್ವನಿವಿಜ್ಞಾನದ ಪಠ್ಯಗಳು ಸಾಮಾನ್ಯವಾಗಿ ಈ ಅವಲಂಬನೆಯನ್ನು ತಲೆಕೆಳಗಾಗಿ ನಿರೂಪಿಸುತ್ತವೆ. ಮೊದಲು ಬ್ರಿಟಿಷ್ ಶಿಷ್ಟ ಉಚ್ಚಾರಣೆಯ 44 ಧ್ವನಿಮಾಗಳ ಪಟ್ಟಿ: 12 ಶುದ್ಧಸ್ವರ, 8 ದ್ವಿಸ್ವರ, 24 ವ್ಯಂಜನ. ಆಘಾತಕ್ಕೆ ಕೊನೆಯಲ್ಲೊಂದು ಅಧ್ಯಾಯ. ಅದರಲ್ಲಿ ನಾಮಪದವಾದರೆ ಮೊದಲಿಗೂ ಕ್ರಿಯಾಪದವಾದರೆ ಕೊನೆಗೂ ಆಘಾತ ಬೀಳುವ ‘ರೆಕಾರ್ಡ್’, ‘ಪರ್ಮಿಟ್’ ಮೊದಲಾದ ಜೋಡಿಗಳು. ವಿದ್ಯಾರ್ಥಿಗಳು ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಹೊಸ ಪದವೊಂದು ಎದುರಾದಾಗ ಅದರ ಯಾವ ಸ್ವರ ಪೂರ್ಣ, ಯಾವುದು ಶ್ವಾ ಎಂದು ನಿರ್ಧರಿಸುವ ಉಪಾಯ ಅವರ ಕೈಯಲ್ಲಿರುವುದಿಲ್ಲ. ಬೋಧನೆಯು ಆಘಾತದಿಂದಲೇ ಆರಂಭವಾಗಬೇಕು ಎಂಬುದು ನಮ್ಮ ವಾದ. ಅದಕ್ಕೆ ಬೇಕಾದ ಪರಿಭಾಷೆಯ ಬಹುಭಾಗ ಕನ್ನಡ ಛಂದಸ್ಸಿನಲ್ಲಿ ಸಿದ್ಧವಾಗಿಯೇ ಇದೆ.

ಮೊದಲು ಶ್ವಾವನ್ನೇ ಗಮನಿಸೋಣ. ಇದು ಇಂಗ್ಲಿಷಿನಲ್ಲಿ ಅತ್ಯಂತ ಹೆಚ್ಚಾಗಿ ಬರುವ ಸ್ವರ. ಕನ್ನಡಿಗರ ಬಾಯಿಗೆ ಇದು ಒಗ್ಗದ ಧ್ವನಿ ಎಂಬ ಅಭಿಪ್ರಾಯವಿದೆ. ನಾವು ಅದನ್ನು ಒಪ್ಪುವುದಿಲ್ಲ. ಕನ್ನಡದ ಹ್ರಸ್ವ ಅಕಾರವು ದೀರ್ಘ ಆಕಾರದಷ್ಟು ವಿವೃತವಲ್ಲ; ಅದು ಶ್ವಾಕ್ಕೆ ಸಾಕಷ್ಟು ಸಮೀಪದ ಮಧ್ಯಸ್ವರ. (ಸಂಸ್ಕೃತದ ಹ್ರಸ್ವ ಅಕಾರ ಪ್ರಯೋಗದಲ್ಲಿ ಸಂವೃತವೆಂದು ಹೇಳಲು ಪಾಣಿನಿ ಅಷ್ಟಾಧ್ಯಾಯಿಯ ಕಟ್ಟಕಡೆಯ ಸೂತ್ರವನ್ನೇ ಮೀಸಲಿಟ್ಟಿದ್ದಾನೆ.) ಆಘಾತವಿಲ್ಲದ ಸ್ವರ ಸವೆಯುವುದೂ ನಮಗೆ ಹೊಸತಲ್ಲ: ‘ಕ್ಯಾಮರ’ ಇಂಗ್ಲಿಷ್ ಮಾತಿನಲ್ಲಿ ‘ಕ್ಯಾಮ್ರ’ ಆಗುವಂತೆಯೇ ನಮ್ಮ ಆಡುಮಾತಿನಲ್ಲಿ ‘ಕೆಲಸ’ವು ‘ಕೆಲ್ಸ’ವೂ ‘ಹೆಸರು’ ‘ಹೆಸ್ರು’ವೂ ಆಗುತ್ತವೆ. ಆದರೆ ಕನ್ನಡದಲ್ಲಿ ಆಘಾತವು ಅರ್ಥಭೇದಕವಲ್ಲ; ಅದು ಸಾಮಾನ್ಯವಾಗಿ ಮೊದಲ ಉಚ್ಚಾರಾಂಶದ ಮೇಲೆ ಮೃದುವಾಗಿ ನಿಂತಿರುತ್ತದೆ, ಪ್ರತ್ಯಯ ಹತ್ತಿದರೂ ಕದಲುವುದಿಲ್ಲ. ಹೀಗಾಗಿ ಕನ್ನಡ ಭಾಷಿಕರಿಗೆ ಶ್ವಾವನ್ನು ಉಚ್ಚರಿಸುವುದು ಕಷ್ಟವಲ್ಲ, ಅದರ ಸ್ಥಾನವನ್ನು ಊಹಿಸುವುದು ಕಷ್ಟ.

ಆ ಸ್ಥಾನವನ್ನು ನಿರ್ಣಯಿಸುವ ನಿಯಮವನ್ನು ನೋಮ್ ಚಾಮ್‌ಸ್ಕಿ ಮತ್ತು ಮಾರಿಸ್ ಹ್ಯಾಲೆ 1968ರ ತಮ್ಮ ಇಂಗ್ಲಿಷ್ ಧ್ವನಿವಿನ್ಯಾಸದ ಗ್ರಂಥದಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದರು. ನಾಮಪದಗಳಿಗೆ ಸಂಬಂಧಿಸಿದ ಭಾಗವನ್ನು ನಮ್ಮ ಪರಿಭಾಷೆಯಲ್ಲಿ ಹೀಗೆ ಹೇಳಬಹುದು: ಕೊನೆಯ ಉಚ್ಚಾರಾಂಶವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಉಪಾಂತ್ಯವು ಗುರುವಾದರೆ ಆಘಾತ ಅದಕ್ಕೇ, ಲಘುವಾದರೆ ಅದರ ಹಿಂದಿನದಕ್ಕೆ. ‘ಅಜೆಂಡಾ’ದಲ್ಲಿ ‘ಜೆಂ’ ಗುರು, ಆಘಾತ ಅಲ್ಲಿಯೇ. ‘ಅರೋಮಾ’ದಲ್ಲಿ ‘ರೋ’ ಗುರು. ‘ಅಮೆರಿಕ’ದಲ್ಲಿ ‘ರಿ’ ಲಘುವಾದ್ದರಿಂದ ಆಘಾತ ‘ಮೆ’ಗೆ ಹಿಂದೆ ಸರಿಯುತ್ತದೆ, ‘ಸಿನಿಮಾ’ದಲ್ಲಿ ಅದೇ ಕಾರಣದಿಂದ ‘ಸಿ’ಗೆ. ಶಾಸ್ತ್ರೀಯ ಲ್ಯಾಟಿನ್ನಿನ ಆಘಾತ ನಿಯಮವೂ ಇದೇ. ಒಂದು ಮಾತ್ರೆಯದು ಲಘು, ಎರಡು ಮಾತ್ರೆಯದು ಗುರು. ದೀರ್ಘಸ್ವರವಿದ್ದರೆ, ಮುಂದೆ ಒತ್ತಕ್ಷರವಿದ್ದರೆ, ಅನುಸ್ವಾರವಿದ್ದರೆ ಗುರು: ನಾಗವರ್ಮನ ‘ಛಂದೋಂಬುಧಿ’ಯ ಕಾಲದಿಂದ ನಾವು ಬಲ್ಲ ಈ ಎಣಿಕೆಯನ್ನು ಇಂದಿನ ಧ್ವನಿಮಾಶಾಸ್ತ್ರವು ಉಚ್ಚಾರಾಂಶದ ಭಾರವೆಂದು ಕರೆಯುತ್ತದೆ. ಪ್ರೌಢಶಾಲೆಯಲ್ಲಿ ಪ್ರಸ್ತಾರ ಹಾಕಿದವರಿಗೆ ಇದನ್ನು ವಿವರಿಸಲು ಹತ್ತು ನಿಮಿಷ ಸಾಕು.

ಆದರೆ ಎರಡು ಎಣಿಕೆಗಳೂ ಎಲ್ಲೆಡೆ ಕೂಡುವುದಿಲ್ಲ. ವಿಚಾರದ ಸತ್ವವಿರುವುದೂ ಅಲ್ಲಿಯೇ. ‘ಆಲ್ಜಿಬ್ರಾ’ ಎಂಬ ಪದಕ್ಕೆ ಪ್ರಸ್ತಾರ ಹಾಕಿದರೆ ‘ಬ್ರಾ’ದ ಹಿಂದಿನ ‘ಜಿ’ ಗುರುವಾಗಬೇಕು, ಆಘಾತ ಅದರ ಮೇಲೆ ಬೀಳಬೇಕು. ಇಂಗ್ಲಿಷಿನಲ್ಲಿ ಆಘಾತ ಇರುವುದು ‘ಆಲ್’ ಮೇಲೆ. ಸ್ಪರ್ಶವ್ಯಂಜನದ ಮುಂದೆ ರೇಫ ಬಂದಾಗ ಆ ಜೋಡಿ ಒಡೆಯದೆ ಇಡಿಯಾಗಿ ಮುಂದಿನ ಉಚ್ಚಾರಾಂಶಕ್ಕೆ ಸೇರುವುದರಿಂದ ಹಿಂದಿನದು ಲಘುವಾಗಿಯೇ ಉಳಿಯುತ್ತದೆ. ಸಂಯುಕ್ತಾಕ್ಷರವಿದ್ದೂ ಭಾರವಿಲ್ಲದ ಸ್ಥಿತಿ ಹಳಗನ್ನಡ ಓದಿದವರಿಗೆ ಅಪರಿಚಿತವಲ್ಲ: ಕೇಶಿರಾಜನು ಚರ್ಚಿಸುವ ಶಿಥಿಲದ್ವಿತ್ವ ಅದೇ ಬಗೆಯದು. ಇವೆರಡನ್ನೂ ಒಂದೇ ಎಂದು ನಾವು ಹೇಳುತ್ತಿಲ್ಲ. ಶಿಥಿಲದ್ವಿತ್ವದಲ್ಲಿ ರೇಫ, ಲಕಾರ, ಳಕಾರಗಳು ಸಂಯುಕ್ತದ ಪೂರ್ವಾರ್ಧದಲ್ಲಿರುತ್ತವೆ. ಇಂಗ್ಲಿಷಿನ ರೇಫವಾದರೋ ಉತ್ತರಾರ್ಧದಲ್ಲಿದೆ. ಎರಡಕ್ಕೂ ಬೇರೆ ಬೇರೆ ಕಾರಣಗಳಿವೆ. ಆದರೂ ಬರೆದ ಅಕ್ಷರ ಬೇರೆ, ಉಚ್ಚಾರಾಂಶದ ಭಾರ ಬೇರೆ ಎಂಬುದನ್ನು ಕಿವಿಯಿಂದ ಕಂಡುಕೊಂಡ ವ್ಯಾಕರಣ ಪರಂಪರೆಯೊಂದು ನಮ್ಮಲ್ಲಿತ್ತು ಎಂಬುದು ‘ಆಲ್ಜಿಬ್ರಾ’ವನ್ನು ಬೋಧಿಸುವಾಗ ನೆರವಿಗೆ ಬರುತ್ತದೆ.

ಇದರ ವಿಲೋಮವೂ ಉಂಟು. ‘ವೆನಿಲಾ’, ‘ಕೆಂಟಕಿ’ ಮೊದಲಾದ ಪದಗಳಲ್ಲಿ ಉಪಾಂತ್ಯ ಲಘುವಾಗಿ ಕೇಳಿಸಿದರೂ ಆಘಾತ ಅಲ್ಲಿಯೇ ಇದೆ. ಇಂತಹ ಪದಗಳಿಗೆ ಚಾಮ್‌ಸ್ಕಿ ಮತ್ತು ಹ್ಯಾಲೆ ಆಂತರಿಕ ರೂಪದಲ್ಲಿ ದ್ವಿತ್ವವ್ಯಂಜನವನ್ನು ಕಲ್ಪಿಸಿ, ಮುಂದೆ ಅದನ್ನು ಸರಳಗೊಳಿಸುವ ನಿಯಮವನ್ನು ಸೇರಿಸಿದರು. ಬೆಂಗಳೂರಿನ ಐಸ್‌ಕ್ರೀಮ್ ಅಂಗಡಿಯ ಫಲಕದಲ್ಲಿ ‘ವೆನಿಲ್ಲಾ’ ಎಂದು ಬರೆದವರು ಆ ದ್ವಿತ್ವವನ್ನು ಮೇಲ್ಮೈಗೇ ತಂದಿದ್ದಾರೆ! ಇಷ್ಟು ಅಮೂರ್ತವಾದ ಮೂಲರೂಪಗಳನ್ನು ನಾವು ಒಪ್ಪಲಾರೆವು. ಇವನ್ನು ಪದಕೋಶದಲ್ಲಿಯೇ ಗುರುತಿಸಬೇಕಾದ ಅಪವಾದಗಳೆಂದು ಭಾವಿಸುವುದು ಹೆಚ್ಚು ಪ್ರಾಮಾಣಿಕ.

ಕ್ರಿಯಾಪದಗಳಲ್ಲಿ ಲೆಕ್ಕಕ್ಕೆ ಹೊರಗಾಗುವುದು ಉಚ್ಚಾರಾಂಶವಲ್ಲ, ಕೊನೆಯ ವ್ಯಂಜನವೊಂದೇ. ‘ಕೊಲ್ಯಾಪ್ಸ್’ನಲ್ಲಿ ಸಕಾರವನ್ನು ಬಿಟ್ಟರೂ ‘ಲ್ಯಾಪ್’ ಗುರು, ಆಘಾತ ಕೊನೆಗೆ. ‘ಡೆವಲಪ್’ನಲ್ಲಿ ಪಕಾರವನ್ನು ಬಿಟ್ಟರೆ ಉಳಿಯುವುದು ಲಘು, ಆಘಾತ ‘ವ’ಕಾರಕ್ಕೆ. ಬ್ರೂಸ್ ಹೇಯ್ಸ್ 1982ರ ಲೇಖನದಲ್ಲಿ ಪದಾಂತ್ಯವನ್ನು ಹೀಗೆ ಗಣನೆಯಿಂದ ಹೊರಗಿಡುವುದನ್ನು ಒಂದು ಸಾಮಾನ್ಯ ತತ್ತ್ವವಾಗಿಯೇ ಪ್ರತಿಪಾದಿಸಿದರು. ವ್ಯಂಜನಾಂತವನ್ನು ಗುರುವೆಂದೇ ಎಣಿಸುವ ನಮ್ಮ ಛಂದಸ್ಸಿಗೆ ಇದು ನೇರ ವಿರುದ್ಧ. ‘ಡೆವಲಪ್’ ಪದದ ಮೊದಲ ಉಚ್ಚಾರಾಂಶವನ್ನೇ ಒತ್ತಿ ಹೇಳುವ ವಿದ್ಯಾರ್ಥಿಗಳಿಗೆ ತಪ್ಪೆಂದಷ್ಟೇ ಹೇಳುವ ಬದಲು ಈ ವ್ಯತ್ಯಾಸವನ್ನು ತೋರಿಸಬಹುದು.

ಭಾರತೀಯ ಇಂಗ್ಲಿಷಿಗೆ ತನ್ನದೇ ಆಘಾತ ಕ್ರಮ ಇರಬಾರದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಲಂಡನ್ನಿನ ಉಚ್ಚಾರಣೆಯನ್ನು ಹೇರುವುದು ನಮ್ಮ ಉದ್ದೇಶವಲ್ಲ. ಆದರೆ ಆರ್. ಕೆ. ಬನ್ಸಲ್ ಅವರು ಭಾರತೀಯ ಇಂಗ್ಲಿಷಿನ ಗ್ರಾಹ್ಯತೆಯನ್ನು ಕುರಿತು 1969ರಲ್ಲಿ ಹೈದರಾಬಾದಿನಿಂದ ಪ್ರಕಟಿಸಿದ ಅಧ್ಯಯನವು, ಮಾತು ಕೇಳುಗರಿಗೆ ತಿಳಿಯದೆ ಹೋಗುವ ಮುಖ್ಯ ಕಾರಣಗಳಲ್ಲಿ ಆಘಾತದ ಸ್ಥಾನಪಲ್ಲಟವೂ ಒಂದೆಂದು ಗುರುತಿಸಿದೆ. ಕೇಳುಗರು ಪದವನ್ನು ಗುರುತಿಸುವುದು ಬಹುಮಟ್ಟಿಗೆ ಅದರ ಆಘಾತದಿಂದ. ಸ್ವರ ತುಸು ಬೇರೆಯಾದರೆ ಅವರು ಹೊಂದಿಸಿಕೊಳ್ಳಬಲ್ಲರು. ಆಘಾತವೇ ಸ್ಥಳ ಬದಲಿಸಿದರೆ ಬೇರೊಂದು ಪದವನ್ನೇ ಹುಡುಕತೊಡಗುತ್ತಾರೆ.

ನಾವು ಈಚೆಗೆ ಮೊದಲ ತರಗತಿಯನ್ನು ಧ್ವನಿಮಾ ಪಟ್ಟಿಯಿಂದ ಆರಂಭಿಸುವುದಿಲ್ಲ. ಕಪ್ಪುಹಲಗೆಯ ಮೇಲೆ ‘ಕರ್ನಾಟಕ’ ಎಂದು ಬರೆದು ಪ್ರಸ್ತಾರ ಹಾಕಿಸುತ್ತೇವೆ: ಗುರು, ಗುರು, ಲಘು, ಲಘು. ಕೊನೆಯದನ್ನು ಬಿಡಿ, ಉಪಾಂತ್ಯವಾದ ‘ಟ’ ಲಘು, ಆಘಾತ ‘ನಾ’ಕ್ಕೆ. ಉಳಿದ ಮೂರೂ ಅಕಾರಗಳು ಶ್ವಾ. ಇಂಗ್ಲಿಷ್ ನಿಘಂಟುಗಳು ನಮ್ಮ ರಾಜ್ಯದ ಹೆಸರಿಗೆ ಕೊಡುವ ಉಚ್ಚಾರಣೆಯೂ ಇದೇ ಎಂಬುದನ್ನು ವಿದ್ಯಾರ್ಥಿಗಳು ಆ ಬಳಿಕ ತಾವೇ ತೆರೆದು ನೋಡುತ್ತಾರೆ.