ಹಾಲು ಬಿಟ್ಟವರ ಹಂಬಲ

ಮಾಂಸವನ್ನು ಮಾತ್ರವಲ್ಲದೆ ಹಾಲು, ಮೊಸರು, ತುಪ್ಪಗಳನ್ನೂ ವರ್ಜಿಸುವ ಆಹಾರಕ್ರಮಕ್ಕೆ 'ವೀಗನ್' ಎಂಬ ಹೆಸರು 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಈಗ ಆ ಮಾತು ನಮ್ಮ ಸೀತಾಂಗೋಳಿಗೂ ತಲಪಿದೆ. ಕರುವಿನ ಪಾಲನ್ನು ನಾವು ಕುಡಿಯುವುದು ನ್ಯಾಯವೆ ಎಂದು ಮೇಲಿನ ತರಗತಿಯ ಕೆಲವು ವಿದ್ಯಾರ್ಥಿಗಳು ಕೇಳಿದಾಗ ನಮಗೆ ಒಡನೆ ಉತ್ತರ ಹೊಳೆಯಲಿಲ್ಲ. ಪ್ರಶ್ನೆಯೇನೋ ಯೋಗ್ಯವಾದುದೇ. ಆದರೆ ಸಂಕಲ್ಪವನ್ನು ಎಲೆಯ ಮುಂದೆ ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ನಾವು ಅನುಭವದಿಂದ ಬಲ್ಲೆವು.

ಹಿಂದೊಮ್ಮೆ ಒಂದು ತಿಂಗಳ ಮಟ್ಟಿಗೆ ಹಾಲಿನ ಪದಾರ್ಥಗಳನ್ನೆಲ್ಲ ಬಿಡಲು ನಾವು ನಿಶ್ಚಯಿಸಿದ್ದೆವು. ಹಾಲಿಲ್ಲದ ಚಹಾ ಎರಡೇ ದಿನಗಳಲ್ಲಿ ಒಗ್ಗಿತು. ನಮ್ಮ ಸೀಮೆಯ ಬೇಳೆ ಪಾಯಸಕ್ಕೆ ತೆಂಗಿನಕಾಯಿಯ ಹಾಲೇ ಆಧಾರವಾದುದರಿಂದ ಅಲ್ಲಿಯೂ ತೊಡಕಾಗಲಿಲ್ಲ. ಸೋತದ್ದು ಹನ್ನೊಂದನೆಯ ದಿನ, ಬಂಧುಗಳ ಮನೆಯ ಊಟದ ಕೊನೆಯಲ್ಲಿ, ಮಜ್ಜಿಗೆಯ ಮುಂದೆ! ಬಡಿಸುವವರು ಸೌಟು ಹಿಡಿದು ನಿಂತಾಗ ಬೇಡವೆನ್ನಲು ನಮ್ಮ ಕೈ ಮೇಲೇಳಲಿಲ್ಲ.

ಈ ವಿಷಯದಲ್ಲಿ ಮಹಾತ್ಮಾ ಗಾಂಧಿಯವರ ಆತ್ಮಕಥೆಯಷ್ಟು ನಿರ್ದಾಕ್ಷಿಣ್ಯವಾದ ಸಾಕ್ಷಿ ಬೇರೆಲ್ಲಿಯೂ ನಮಗೆ ದೊರೆತಿಲ್ಲ. ಅವರು 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹಾಲನ್ನು ತೊರೆದರು. 1918ರಲ್ಲಿ ಗುಜರಾತಿನಲ್ಲಿ ಆಮಶಂಕೆಯ ಸೂಚನೆ ಕಂಡು ಉಪವಾಸವಿರಲು ಎಣಿಸಿದ್ದರು. ಅಂದು ಹಬ್ಬ. ವ್ರತಭಂಗವಾಗದಂತೆ ತುಪ್ಪದ ಬದಲು ಎಣ್ಣೆ ಹಾಕಿ ಕಸ್ತೂರಬಾ ಅವರು ಗೋದಿಯ ಸಿಹಿಯನ್ನು ಮಾಡಿದ್ದರು, ಹೆಸರುಕಾಳನ್ನೂ ತೆಗೆದಿರಿಸಿದ್ದರು. ತುಸುವೇ ತಿನ್ನುವೆನೆಂದು ಕುಳಿತ ಗಾಂಧಿಯವರು ಹೊಟ್ಟೆತುಂಬ ಉಂಡರು. ಸ್ವಲ್ಪ ಹೊತ್ತಿನಲ್ಲಿಯೇ ರೋಗ ಉಲ್ಬಣಿಸಿ ಜೀವದಾಸೆಯನ್ನೇ ಬಿಡುವಂತಾಯಿತು. ವಾಚಕರು ಗಮನಿಸಬೇಕು: ಆ ಭಕ್ಷ್ಯದಲ್ಲಿ ಹಾಲಿನ ಹನಿಯೂ ಇರಲಿಲ್ಲ. ಚಪಲವು ನಿಷಿದ್ಧ ವಸ್ತುವಿನ ರೂಪದಲ್ಲಿಯೇ ಬರಬೇಕೆಂದಿಲ್ಲ. ಹಬ್ಬದ ದಿನ, ಪ್ರೀತಿಯ ಕೈಯಿಂದ, ವ್ರತಕ್ಕೆ ಒಪ್ಪುವ ತಿನಿಸಾಗಿಯೂ ಬರುತ್ತದೆ.

ಮುಂದೆ 1919ರ ಜನವರಿಯಲ್ಲಿ ಮುಂಬಯಿಯ ವೈದ್ಯರು ಹಾಲು ಬೇಕೇಬೇಕೆಂದರು. ಆಡಿನ ಹಾಲಿಗೆ ಅಡ್ಡಿಯೇನು ಎಂದರು ಕಸ್ತೂರಬಾ. ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿದ್ದುದು ಹಸು ಎಮ್ಮೆಗಳ ಹಾಲು ಮಾತ್ರ ಎಂದು ಗಾಂಧಿಯವರು ಒಪ್ಪಿಕೊಂಡರು. ಪ್ರತಿಜ್ಞೆಯ ಅಕ್ಷರ ಉಳಿಯಿತು, ಆತ್ಮ ಉಳಿಯಲಿಲ್ಲವೆಂದು ಅವರೇ ಬರೆದಿದ್ದಾರೆ. ಅಷ್ಟು ದೊಡ್ಡವರು ಅದನ್ನು ಮುಚ್ಚಿಡಲಿಲ್ಲವೆಂಬುದೇ ನಮಗೆ ಮುಖ್ಯವಾಗಿ ತೋರುತ್ತದೆ.

ನಮ್ಮ ಹಿರಿಯರ ಚಾತುರ್ಮಾಸ್ಯದ ಕ್ರಮ ಇನ್ನೊಂದು ಬಗೆಯದು. ಮೊದಲ ತಿಂಗಳು ಶಾಕವ್ರತ, ಎರಡನೆಯದು ದಧಿವ್ರತ, ಮೂರನೆಯದು ಕ್ಷೀರವ್ರತ, ಕೊನೆಯದು ದ್ವಿದಳವ್ರತ. ಮೊಸರು ಬಿಟ್ಟ ತಿಂಗಳಲ್ಲಿ ಹಾಲುಂಟು, ಹಾಲು ಬಿಟ್ಟ ತಿಂಗಳಲ್ಲಿ ಮೊಸರುಂಟು. ಇದು ವೀಗನ್ ಕ್ರಮವಲ್ಲ, ಉದ್ದೇಶವೂ ಬೇರೆ. ಆದರೂ ಒಮ್ಮೆಗೆ ಒಂದನ್ನೇ, ಗೊತ್ತಾದ ಅವಧಿಗೆ, ಮನೆಮಂದಿಯೆಲ್ಲ ಕೂಡಿ ಬಿಡುವುದರಲ್ಲಿ ಮನುಷ್ಯನ ನಾಲಗೆಯ ಪರಿಚಯ ಚೆನ್ನಾಗಿದೆ. ಅಡುಗೆಮನೆಯಲ್ಲಿಯೇ ಇಲ್ಲದ ವಸ್ತುವಿನೊಡನೆ ಯಾರೂ ಹೋರಾಡಬೇಕಾಗಿಲ್ಲವಷ್ಟೆ.

ಇದನ್ನೇ ಆ ವಿದ್ಯಾರ್ಥಿಗಳಿಗೂ ಹೇಳಿದೆವು. ಬೆಳೆಯುವ ವಯಸ್ಸಿನವರು ತಾಯಿತಂದೆಯರನ್ನೂ ವೈದ್ಯರನ್ನೂ ಕೇಳದೆ ತೊಡಗಬಾರದೆಂದೂ, ರಕ್ತಕ್ಕೂ ನರಗಳಿಗೂ ಅವಶ್ಯವಾದ ಬಿ12 ಜೀವಸತ್ವವು ಸಸ್ಯಾಹಾರದಿಂದಷ್ಟೇ ಸಾಕಷ್ಟು ದೊರೆಯದುದರಿಂದ ಅದನ್ನು ಬೇರೆಯಾಗಿ ಸೇವಿಸಬೇಕಾಗುವುದೆಂದೂ ತಿಳಿಸಿದೆವು. ಒಬ್ಬ ಹುಡುಗನು, "ಸಾರ್, ತಾವು ಮತ್ತೊಮ್ಮೆ ಪ್ರಯತ್ನಿಸುವಿರಾ?" ಎಂದು ಕೇಳಿದನು. ಬರುವ ಶ್ರಾವಣದಲ್ಲಿ ಮೊದಲು ಮಜ್ಜಿಗೆಯೊಂದನ್ನೇ ಬಿಟ್ಟು ನೋಡುವೆವೆಂದು ಒಪ್ಪಿಕೊಂಡಿದ್ದೇವೆ.