ಅಜ್ಜನಿಗೆ ಮುಖ ತೋರಿಸಿ ಮಾತಾಡಿ

ಸೊಲ್ಲಾಪುರದ ಪವರ್‌ಲೂಮ್ ಕಾರ್ಖಾನೆಯ ಬಾಗಿಲಲ್ಲಿ ನಿಂತರೆ ಪಕ್ಕದವರ ಮಾತೂ ಕೇಳಿಸದು. ಚಾದರ, ಟವೆಲ್ ನೇಯುವ ಮಗ್ಗಗಳ ಸದ್ದು ಅಷ್ಟು ಜೋರು. ಆದರೂ ಒಳಗಿನ ಕೆಲಸಗಾರರು ಒಬ್ಬರ ಮುಖ ಒಬ್ಬರು ನೋಡುತ್ತಾ ಹೇಳಬೇಕಾದ್ದನ್ನು ಹೇಳಿ ಮುಗಿಸುತ್ತಾರೆ. ಇಂಗ್ಲೆಂಡಿನ ಲ್ಯಾಂಕಷೈರ್ ಹತ್ತಿಗಿರಣಿಗಳಲ್ಲಿಯೂ ಹಿಂದೆ ಕಾರ್ಮಿಕರು ತುಟಿಯ ಚಲನೆಯಿಂದಲೇ ಮಾತನಾಡಿಕೊಳ್ಳುತ್ತಿದ್ದರು.

ಮಾತನ್ನು ಕೇಳುವುದು ಕಿವಿಯೊಂದೇ ಎಂದು ನಾವು ತಿಳಿದಿದ್ದೇವೆ. ದೇವರು ನಮ್ಮನ್ನು ಹಾಗೆ ಸೃಷ್ಟಿಸಿಲ್ಲ. 1976ರಲ್ಲಿ ಹ್ಯಾರಿ ಮೆಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಪರದೆಯ ಮೇಲೆ 'ಗ' ಎನ್ನುವ ಬಾಯಿ, ಕೇಳಿಸುವ ಧ್ವನಿ 'ಬ'. ಹೆಚ್ಚಿನವರಿಗೆ ಕೇಳಿಸಿದ್ದು 'ದ'! ಪರದೆ ನೋಡದೆ ಕೇಳಿದಾಗ 'ಬ' ಎಂದೇ ಕೇಳಿಸಿತು. ಮೆದುಳಿನ ಬದಿಯಲ್ಲಿ, ಕಿವಿಯ ನೇರಕ್ಕಿರುವ ಒಂದು ಮಡಿಕೆಯಲ್ಲಿ ಕಣ್ಣು ಕಂಡದ್ದೂ ಕಿವಿ ಕೇಳಿದ್ದೂ ಒಂದಾಗುತ್ತವೆ.

ಫೋನಿನಲ್ಲಿ 'ಮ', 'ನ' ಗೊಂದಲವಾಗುವುದುಂಟು. ಎದುರಿಗಿದ್ದರೆ ಗೊಂದಲವಿಲ್ಲ, 'ಮ' ಎನ್ನುವಾಗ ತುಟಿ ಮುಚ್ಚುತ್ತದೆ. 'ಪ', 'ಬ' ಎನ್ನುವಾಗ ತುಟಿ ಒಂದೇ ರೀತಿ ಕಾಣುತ್ತದೆ. ಅಲ್ಲಿ ಕಿವಿ ನೆರವಾಗುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. 2020ರ ಕೊರೋನಾ ಕಾಲದಲ್ಲಿ ಮಾಸ್ಕ್ ಹಾಕಿದವರ ಮಾತು ತಿಳಿಯದೆ ಪರದಾಡಿದ್ದು ನೆನಪಿದೆಯಲ್ಲವೇ? ಕನ್ನಡ, ಮರಾಠಿ ಎರಡೂ ಓಡಾಡುವ ಅಕ್ಕಲಕೋಟೆಯ ಪೇಟೆಯಲ್ಲಿಯೂ ಅಷ್ಟೇ; ಸರಿಯಾಗಿ ಬಾರದ ಭಾಷೆ, ಮುಖ ನೋಡಿದರೆ ಬೇಗ ತಿಳಿಯುತ್ತದೆ.

ಈಗ ನಮ್ಮ ಮನೆಗಳಿಗೆ ಬರೋಣ. ವರ್ಷಗಟ್ಟಲೆ ಮಗ್ಗದ ಸದ್ದಿನಲ್ಲಿ ದುಡಿದವರ ಕಿವಿ ಮಂದವಾಗುತ್ತದೆ. ಆ ದುಡಿಮೆಯಿಂದಲೇ ನಾವು ಓದಿದ್ದು, ಉಂಡದ್ದು. ಆದರೆ ಅಡುಗೆಮನೆಯಿಂದ ಕೂಗಿ, ಉತ್ತರ ಬಾರದಿದ್ದರೆ "ಅಜ್ಜಗ ಏನೂ ಕೇಳ್ಸಂಗಿಲ್ಲ, ಬಿಡು" ಎಂದುಬಿಡುತ್ತೇವೆ. ಅವರು ಮೆಲ್ಲನೆ ಮಾತಿನಿಂದ, ಕೊನೆಗೆ ಕುಟುಂಬ ಪ್ರಾರ್ಥನೆಯಿಂದಲೂ ದೂರ ಸರಿಯುತ್ತಾರೆ.

ಕಿವಿಯ ಪರೀಕ್ಷೆ ಮಾಡಿಸಿ. ಜೊತೆಗೆ ಟಿ.ವಿ. ಆರಿಸಿ, ಎದುರು ಕುಳಿತು, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನಿಧಾನವಾಗಿ ಮಾತನಾಡಿ. ಕಿರುಚಬೇಡಿ, ಕಿರುಚಿದರೆ ತುಟಿಯ ಆಕಾರ ಕೆಡುತ್ತದೆ. ಬಲಿಪೂಜೆಯಲ್ಲಿ ವಾಚನ ಓದುವವರೂ ಮೈಕಿನ ಹಿಂದೆ ಬಾಯಿ ಮರೆಯಾಗದಂತೆ ನೋಡಿಕೊಳ್ಳಲಿ. ಈ ಮಾತು ನನ್ನಂಥ ಗುರುಗಳಿಗೂ ಸೇರಿದೆ.

ಸಂತ ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಕಿವುಡನೊಬ್ಬನನ್ನು ಗುಣಪಡಿಸುತ್ತಾರೆ. ಅವರು ದೂರದಿಂದ ಕೂಗಲಿಲ್ಲ. ಜನರ ಗುಂಪಿನಿಂದ ಅವನನ್ನು ಪಕ್ಕಕ್ಕೆ ಕರೆದೊಯ್ದರು, ಕಿವಿಯನ್ನೂ ನಾಲಿಗೆಯನ್ನೂ ಮುಟ್ಟಿದರು. ಮಾತಿಗೆ ಮೊದಲು ಅವನಿಗೆ ಸಿಕ್ಕಿದ್ದು ಅವರ ಸಾಮೀಪ್ಯ.

ಇಂದು ಸಂಜೆ ಜಪಸರಕ್ಕೆ ಕೂರುವಾಗ ಅಜ್ಜನ ಕುರ್ಚಿಯನ್ನು ಎಲ್ಲರ ಮುಖ ಕಾಣುವಂತೆ ತಿರುಗಿಸಿ.