‘ಸೈಲೆಂಟ್ ನೈಟ್’ ಹುಟ್ಟಿದ ಊರು

ಕ್ರಿಸ್ತಜಯಂತಿಯ ನಡುರಾತ್ರಿಯ ಬಲಿಪೂಜೆಯಲ್ಲಿ ಬೇರೆ ಯಾವ ಹಾಡು ಬಿಟ್ಟುಹೋದರೂ ‘ಸೈಲೆಂಟ್ ನೈಟ್’ ಬಿಡುವಂತಿಲ್ಲ. ಗಾನವೃಂದದವರು ಮರೆತರೆ ಜನರೇ ಶುರುಮಾಡಿಬಿಡುತ್ತಾರೆ! ಈ ಗೀತೆ ಮೊದಲ ಬಾರಿಗೆ ಕೇಳಿಬಂದದ್ದು ಆಸ್ಟ್ರಿಯಾ ದೇಶದ ಓಬರ್ನ್‌ಡಾರ್ಫ್ ಎಂಬ ಪುಟ್ಟ ಊರಿನಲ್ಲಿ. ಸಾಲ್ಜ್‌ಬರ್ಗ್ ನಗರದಿಂದ ಸುಮಾರು 20 ಕಿ.ಮೀ. ಉತ್ತರಕ್ಕೆ, ಸಾಲ್ಜಾಖ್ ನದಿಯ ಬಲದಂಡೆಯ ಮೇಲೆ ಆ ಊರಿದೆ.

ಜರ್ಮನ್ ಭಾಷೆಯಲ್ಲಿ ‘ಸಾಲ್ಜ್’ ಎಂದರೆ ಉಪ್ಪು. ಹತ್ತಿರದ ಹಾಲೈನ್ ಗಣಿಗಳ ಉಪ್ಪು ದೋಣಿಗಳಲ್ಲಿ ಇದೇ ನದಿಯ ಮೂಲಕ ದೂರದ ಊರುಗಳಿಗೆ ಹೋಗುತ್ತಿತ್ತು. ಓಬರ್ನ್‌ಡಾರ್ಫ್ ಆಗ ಸ್ವತಂತ್ರ ಊರಲ್ಲ. ಎದುರು ದಡದ ಲಾಫೆನ್ ಪಟ್ಟಣದ ಒಂದು ಕೇರಿ, ಅಂಬಿಗರ ಕೇರಿ. ಅಂಬಿಗರ ಪಾಲಕ ಸಂತ ನಿಕೋಲಾಸರ ಹೆಸರಿನಲ್ಲಿ ಅಲ್ಲೊಂದು ದೇವಾಲಯವಿತ್ತು. ಚಳಿಗಾಲದಲ್ಲಿ ದೋಣಿ ನಡೆಯದೆ ಕೆಲಸವಿಲ್ಲದಾಗ ಅಂಬಿಗರು ನಾಟಕವಾಡಿ ನಾಲ್ಕು ಕಾಸು ಸಂಪಾದಿಸುತ್ತಿದ್ದರಂತೆ.

ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ, 1816ರಲ್ಲಿ, ದೊರೆಗಳು ನದಿಯನ್ನೇ ಗಡಿಯನ್ನಾಗಿ ಮಾಡಿಬಿಟ್ಟರು. ಲಾಫೆನ್ ಬವೇರಿಯಾಕ್ಕೆ, ಓಬರ್ನ್‌ಡಾರ್ಫ್ ಆಸ್ಟ್ರಿಯಾಕ್ಕೆ. ಊರಿನ ಮುಖ್ಯ ದೇವಾಲಯ, ಆಡಳಿತ, ನೆಂಟರಿಷ್ಟರು ಎಲ್ಲ ಆಚೆ ದಡದಲ್ಲಿ ಉಳಿದರು. ಉಪ್ಪಿನ ವ್ಯಾಪಾರವೂ ಇಳಿಮುಖವಾಗಿತ್ತು. ಅದೇ ವರ್ಷ ಬೇಸಿಗೆಯೇ ಬಾರದೆ ಯೂರೋಪಿನಲ್ಲಿ ಬೆಳೆ ನಾಶವಾಗಿ ಜನ ಹಸಿವಿನಿಂದ ಕಂಗೆಟ್ಟಿದ್ದರು.

ಇಂಥ ಊರಿಗೆ 1817ರಲ್ಲಿ ಸಹಾಯಕ ಗುರುವಾಗಿ ಬಂದವರು ಫಾದರ್ ಯೋಸೆಫ್ ಮೋರ್. ಅವರ ತಾಯಿ ಹೆಣಿಗೆ ಕೆಲಸ ಮಾಡುತ್ತಿದ್ದ ಅವಿವಾಹಿತೆ. ತಂದೆ ಸೈನ್ಯ ಬಿಟ್ಟು ಓಡಿಹೋದ ಸಿಪಾಯಿ. ಈ ಕಿರಿಯ ಗುರು ಹಾಡು, ನಗೆಚಾಟಿಕೆಯಲ್ಲಿ ಕಾಲ ಕಳೆಯುತ್ತಾರೆಂದು ಹಿರಿಯ ಗುರುಗಳು ಮೇಲಿನವರಿಗೆ ದೂರನ್ನೂ ಬರೆದಿದ್ದರು! ಸುಮಾರು 3 ಕಿ.ಮೀ. ದೂರದ ಆರ್ನ್ಸ್‌ಡಾರ್ಫ್‌ನ ಶಾಲಾ ಮಾಸ್ತರ್ ಫ್ರಾಂಜ್ ಕ್ಸೇವರ್ ಗ್ರೂಬರ್ ಈ ದೇವಾಲಯದ ಆರ್ಗನ್ ವಾದಕರು. 1818ರ ಡಿಸೆಂಬರ್ 24ರಂದು ಮೋರ್, ತಾವು 1816ರಲ್ಲೇ ಬರೆದಿದ್ದ ಕವಿತೆಯನ್ನು ಅವರ ಕೈಗಿತ್ತು, ಇಬ್ಬರ ಕಂಠಕ್ಕೂ ಗಿಟಾರಿಗೂ ಹೊಂದುವಂತೆ ರಾಗ ಹಾಕಿಕೊಡಿ ಎಂದರು. ಅಂದು ರಾತ್ರಿಯೇ ಇಬ್ಬರೂ ಅದನ್ನು ಹಾಡಿದರು. ಗಿಟಾರ್ ಹಿಡಿದವರು ಮೋರ್.

ಇಲಿಗಳು ಆರ್ಗನ್ನನ್ನು ಕಡಿದುಹಾಕಿದ್ದರಿಂದ ಗಿಟಾರ್ ಬಳಸಿದರು ಎಂಬ ಕತೆಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಆದರೆ 1854ರಲ್ಲಿ ಗ್ರೂಬರ್ ತಾವೇ ಬರೆದಿಟ್ಟ ವಿವರಣೆಯಲ್ಲಿ ಇಲಿಯ ಸುದ್ದಿಯೇ ಇಲ್ಲ. ಆರ್ಗನ್ ದುರಸ್ತಿಗೆ ಬಂದಿದ್ದ ಕಾರ್ಲ್ ಮೌರಾಖರ್ ಹಾಡನ್ನು ಟಿರೋಲ್ ಪ್ರಾಂತಕ್ಕೆ ಒಯ್ದರು. ಅಲ್ಲಿನ ಸಂಚಾರಿ ಗಾಯಕ ಕುಟುಂಬಗಳ ಮೂಲಕ ಅದು ಲೈಪ್ಜಿಗ್, ನ್ಯೂಯಾರ್ಕ್‌ವರೆಗೂ ಹೋಯಿತು. ಬರೆದವರ ಹೆಸರು ಮಾತ್ರ ಜೊತೆಗೆ ಹೋಗಲಿಲ್ಲ. ಮೋರ್ ಅವರ ಕೈಬರಹದ ಪ್ರತಿ ಬೆಳಕಿಗೆ ಬಂದದ್ದು 1995ರಲ್ಲಿ.

ಆ ದೇವಾಲಯ ಈಗ ಇಲ್ಲ. 1890ರ ದಶಕದಲ್ಲಿ ನದಿ ಮತ್ತೆ ಮತ್ತೆ ಉಕ್ಕಿ ಊರನ್ನೇ ಹಾಳುಮಾಡಿತು. ಜನ ನದಿಯ ಮೇಲ್ಬದಿಯ ಸುರಕ್ಷಿತ ಜಾಗದಲ್ಲಿ ಹೊಸ ಊರು, ಹೊಸ ಸಂತ ನಿಕೋಲಾಸ ದೇವಾಲಯ ಕಟ್ಟಿಕೊಂಡರು. ಶಿಥಿಲವಾದ ಹಳೆಯದನ್ನು ಕೆಡವಿದರು. ಕ್ರಿಸ್ಮಸ್ ಕಾರ್ಡುಗಳಲ್ಲಿ ನಾವು ನೋಡುವ, ಹಿಮ ಹೊದ್ದ ಎಂಟುಮೂಲೆಯ ಪುಟ್ಟ ಚಾಪೆಲ್ ಆ ಜಾಗದಲ್ಲಿ ನೆನಪಿಗಾಗಿ ಕಟ್ಟಿದ್ದು. 1924ರಲ್ಲಿ ಆರಂಭವಾದ ಕೆಲಸ ಮುಗಿದು ಅದರ ಆಶೀರ್ವಾದ ನಡೆದದ್ದು 1937ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದಂದು. ಅದರ ಬಣ್ಣದ ಗಾಜಿನ ಕಿಟಕಿಗಳಲ್ಲಿ ಮೋರ್ ಮತ್ತು ಗ್ರೂಬರ್ ಇದ್ದಾರೆ.

ಮೋರ್ ಅವರ ಒಂದೇ ಒಂದು ಚಿತ್ರವೂ ಉಳಿದಿರಲಿಲ್ಲ. ಅವರು 1848ರಲ್ಲಿ ವಾಗ್ರೈನ್ ಎಂಬಲ್ಲಿ ತೀರಿಕೊಂಡಿದ್ದರು. ಪ್ರತಿಮೆ ಮಾಡಬೇಕೆಂದು ಯೋಸೆಫ್ ಮ್ಯೂಲ್‌ಬಾಖರ್ ಎಂಬ ಶಿಲ್ಪಿ ಗುರುಗಳು 1912ರಲ್ಲಿ ಅಲ್ಲಿನ ಸಮಾಧಿಯಿಂದ ಅವರ ತಲೆಬುರುಡೆಯನ್ನು ತೆಗೆಸಿ, ಅದರ ಆಧಾರದಿಂದ ಮುಖ ರೂಪಿಸಿದರು. ಕೇಳಲು ಮೈ ಜುಮ್ಮೆನ್ನುತ್ತದೆ, ಆದರೆ ಆ ಬುರುಡೆ ಇಂದು ಈ ಚಾಪೆಲ್ಲಿನ ಗೋಡೆಯೊಳಗಿದೆ; ಉಳಿದ ದೇಹ ವಾಗ್ರೈನ್‌ನಲ್ಲೇ ಇದೆ. ಹೊಸ ದೇವಾಲಯದ ಮುಂದಿರುವ ಕಂಚಿನ ಶಿಲ್ಪದಲ್ಲಿ ಮೋರ್ ಸ್ವರ್ಗದ ಕಿಟಕಿಯಿಂದ ಬಗ್ಗಿ ಕಿವಿಗೊಟ್ಟಿದ್ದಾರೆ, ಹಿಂದೆ ಗ್ರೂಬರ್ ಗಿಟಾರ್ ನುಡಿಸುತ್ತಿದ್ದಾರೆ.

ಹೋದವರು ಚಾಪೆಲ್ ಮುಂದೆ ಫೋಟೋ ತೆಗೆದುಕೊಂಡು ಹಿಂದಿರುಗುವುದೇ ಹೆಚ್ಚು. ಪಕ್ಕದಲ್ಲೇ ಹಳೆಯ ಗುರುನಿವಾಸದ ಮ್ಯೂಸಿಯಂ ಇದೆ, ಗುಡ್ಡದ ಮೇಲೆ ಮರಿಯಾ ಬ್ಯೂಯಲ್ ಯಾತ್ರಾಸ್ಥಳವಿದೆ. 1903ರ ಸೊಗಸಾದ ಸೇತುವೆಯ ಮೇಲೆ ನಡೆದರೆ ಕೆಲವೇ ನಿಮಿಷಗಳಲ್ಲಿ ಜರ್ಮನಿಯ ಲಾಫೆನ್. 1816ರವರೆಗೆ ಎರಡೂ ದಡದವರಿಗೆ ಸೇರಿದ್ದ ಹಳೆಯ ಗೋಥಿಕ್ ದೇವಾಲಯ ಅಲ್ಲಿದೆ. ಪ್ರತಿ ಡಿಸೆಂಬರ್ 24ರ ಸಂಜೆ 5 ಗಂಟೆಗೆ ಚಾಪೆಲ್ ಎದುರಿನ ಬಯಲಿನಲ್ಲಿ ಸಾವಿರಾರು ಜನ ಚಳಿಯಲ್ಲಿ ನಿಂತು ತಮ್ಮ ತಮ್ಮ ಭಾಷೆಯಲ್ಲಿ ಆ ಗೀತೆಯನ್ನು ಹಾಡುತ್ತಾರೆ. ಚಾಪೆಲ್ಲಿನ ಒಳಗೆ ಅವರೆಲ್ಲರಿಗೂ ಜಾಗ ಸಾಲದು.